ಮುತ್ತುಗದ ನಾಲ್ಕು ನೋಟ

ತುಮಕೂರು ಜಿಲ್ಲೆಗೆ ಕಲ್ಪತರು ನಾಡು ಎಂಬ ಹೆಸರು ರೂಢಿಯಲ್ಲಿದೆ. ಇಲ್ಲಿನ ಕಲ್ಪತರುವೆಂದರೆ ತೆಂಗು. ತಿಪಟೂರಿನ ಕೊಬ್ಬರಿಯಿಂದ ಗುಬ್ಬಿ, ಕುಣಿಗಲ್ಲುಗಳ ತೋಟಗಳವರೆಗೆ ಜಿಲ್ಲೆಯ ಬದುಕು ಈ ಮರವನ್ನು ನೆಚ್ಚಿಕೊಂಡಿರುವುದರಿಂದ ಆ ಬಿರುದು ಅನ್ವರ್ಥವೇ ಆಗಿದೆ. ಆದರೆ ತೆಂಗು ನೀರಿರುವಲ್ಲಿ ಮನುಷ್ಯ ನೆಟ್ಟು ಬೆಳೆಸುವ ಮರ. ಯಾರೂ ನೆಡದೆ, ಯಾರೂ ನೀರೆರೆಯದೆ ಈ ನೆಲದ ದಿಣ್ಣೆಗಳಲ್ಲಿ, ಹೊಲದ ಬದುಗಳಲ್ಲಿ, ಗೋಮಾಳಗಳಲ್ಲಿ, ಕೆರೆಯ ಹಿನ್ನೀರಿನ ಅಂಚುಗಳಲ್ಲಿ ತಾನಾಗಿಯೇ ಬೆಳೆದು ನಿಂತ ಮರ ಇನ್ನೊಂದಿದೆ. ಅದು ಮುತ್ತುಗ. ಸಂಸ್ಕೃತದಲ್ಲಿ ಪಲಾಶ, ಕಿಂಶುಕ, ತೆಲುಗಿನಲ್ಲಿ ಮೋದುಗ, ತಮಿಳಿನಲ್ಲಿ ಮುರುಕ್ಕು, ಹಿಂದಿಯಲ್ಲಿ ಢಾಕ್ ಅಥವಾ ಟೇಸು. ಹೂ ಬಿಟ್ಟಾಗ ಕಣ್ಣು ತಪ್ಪಿಸಿಕೊಳ್ಳಲಾಗದ, ಹೂ ಉದುರಿದ ಮೇಲೆ ಯಾರ ಕಣ್ಣಿಗೂ ಬೀಳದ ಈ ಮರಕ್ಕೆ ದೀರ್ಘವಾದೊಂದು ಚರಿತ್ರೆಯಿದೆ. ಆ ಚರಿತ್ರೆಯ ಕೆಲವು ಮುಖ್ಯ ಎಳೆಗಳು ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಸೀಮೆಯನ್ನು ಹಾದುಹೋಗುತ್ತವೆ.

ಬೌದ್ಧರ ಜಾತಕಕಥೆಗಳಲ್ಲಿ ಕಿಂಶುಕೋಪಮ ಜಾತಕವೆಂಬುದೊಂದಿದೆ. ರಾಜನೊಬ್ಬನ ನಾಲ್ವರು ಮಕ್ಕಳು ಕಿಂಶುಕ ವೃಕ್ಷವನ್ನು ತೋರಿಸೆಂದು ಸಾರಥಿಯನ್ನು ಕೇಳುತ್ತಾರೆ. ಅವನು ನಾಲ್ವರನ್ನೂ ಒಟ್ಟಿಗೆ ಕರೆದೊಯ್ಯದೆ ಒಬ್ಬೊಬ್ಬನನ್ನು ಒಂದೊಂದು ಕಾಲದಲ್ಲಿ ಕರೆದೊಯ್ಯುತ್ತಾನೆ. ಮೊಗ್ಗೊಡೆಯುವ ಕಾಲದಲ್ಲಿ ನೋಡಿದವನಿಗೆ ಅದು ಸುಟ್ಟು ಕರಕಾದ ಕಂಬದಂತೆ ಕಾಣುತ್ತದೆ. ಎಲೆ ತುಂಬಿದಾಗ ನೋಡಿದವನಿಗೆ ಆಲದ ಮರದಂತೆ, ಹೂ ತುಂಬಿದಾಗ ನೋಡಿದವನಿಗೆ ಮಾಂಸದ ತುಂಡಿನಂತೆ, ಕಾಯಿ ಬಿಟ್ಟಾಗ ನೋಡಿದವನಿಗೆ ಶಿರೀಷದಂತೆ ಕಾಣುತ್ತದೆ. ನಾಲ್ವರೂ ವಾದಕ್ಕಿಳಿದು ಕೊನೆಗೆ ತಂದೆಯ ಬಳಿಗೆ ಹೋಗುತ್ತಾರೆ. ನೀವೆಲ್ಲರೂ ಕಂಡದ್ದು ಆ ಮರವನ್ನೇ, ಆದರೆ ಯಾವ ಯಾವ ಕಾಲದಲ್ಲಿ ಹೇಗೆ ಹೇಗಿರುತ್ತದೆಂದು ಸಾರಥಿಯನ್ನು ವಿಚಾರಿಸಲಿಲ್ಲ ಎಂಬುದು ರಾಜನ ಉತ್ತರ. ಸಂಯುಕ್ತ ನಿಕಾಯದ ಕಿಂಶುಕ ಸೂತ್ರದಲ್ಲೂ ಇದೇ ದೃಷ್ಟಾಂತ ಬರುತ್ತದೆ. ವಸ್ತು ಒಂದೇ ಆದರೂ ನೋಟಗಳು ಅನೇಕ, ಪ್ರತಿಯೊಂದು ನೋಟವೂ ತನ್ನ ಮಿತಿಯೊಳಗೆ ಸತ್ಯ ಎಂಬ ಅನೇಕಾಂತದ ತತ್ತ್ವವನ್ನು ಬಲ್ಲವರಿಗೆ ಈ ಕಥೆಯ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುತ್ತುಗದ ಚರಿತ್ರೆಯೂ ಇಂತಹದೇ. ಕವಿ ಅದರ ಹೂವನ್ನು ಕಂಡ. ಅರಸನ ಲಿಪಿಕಾರ ಅದರ ಹೆಸರನ್ನು ಕಂಡ. ವ್ಯಾಪಾರಿ ಅದರ ಅರಗನ್ನು ಕಂಡ. ಬಡವರ ಮನೆಯ ಹೆಂಗಸು ಅದರ ಎಲೆಯನ್ನು ಕಂಡಳು.

ಈ ನಾಲ್ಕು ನೋಟಗಳಿಗೆ ಮೊದಲು ಮರದ ಸ್ವರೂಪವನ್ನು ತಿಳಿಯುವುದು ಉಚಿತ. ಮುತ್ತುಗವು ಎಲೆಯುದುರಿಸುವ ಮಧ್ಯಮ ಗಾತ್ರದ ಮರ. ಸಾಮಾನ್ಯವಾಗಿ 10ರಿಂದ 15 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಕಾಂಡ ನೇರವಾಗಿರುವುದು ಅಪರೂಪ. ಅಂಕುಡೊಂಕಾಗಿ, ಗಂಟುಗಂಟಾಗಿ, ಬೂದುಬಣ್ಣದ ಒರಟು ತೊಗಟೆಯನ್ನು ಹೊದ್ದಿರುತ್ತದೆ. ಒಂದೇ ತೊಟ್ಟಿನಲ್ಲಿ ಮೂರು ಎಲೆಗಳು. ನಡುವಿನದು ದೊಡ್ಡದು, ಅಕ್ಕಪಕ್ಕದ ಎರಡು ತುಸು ಓರೆಯಾದವು. ಎಷ್ಟು ಬೆಳೆದರೂ ಎಲೆ ಮೂರೇ ಎಂಬುದನ್ನು ಹಿಡಿದು, ಎಷ್ಟು ಪ್ರಯತ್ನಿಸಿದರೂ ಸ್ಥಿತಿ ಬದಲಾಗದವರನ್ನು ಕುರಿತ ಗಾದೆಯೊಂದು ಹಿಂದಿಯಲ್ಲಿ ಹುಟ್ಟಿಕೊಂಡಿದೆ. ಚಳಿಗಾಲದ ಕೊನೆಗೆ ಎಲೆಗಳೆಲ್ಲ ಉದುರಿ ಮರ ಬೋಳಾಗುತ್ತದೆ. ಆಗ ಕಪ್ಪುಗಂದು ಬಣ್ಣದ, ಮಖಮಲ್ಲಿನಂತಹ ನವಿರಾದ ಪುಷ್ಪಪಾತ್ರೆಗಳ ಮೊಗ್ಗುಗಳು ಕೊಂಬೆಗಳನ್ನು ಮುತ್ತಿಕೊಳ್ಳುತ್ತವೆ. ಜಾತಕದ ಮೊದಲ ರಾಜಕುಮಾರ ಕಂಡ ಸುಟ್ಟ ಕಂಬ ಇದೇ. ಕೆಲವೇ ದಿನಗಳಲ್ಲಿ ಆ ಕಪ್ಪಿನೊಳಗಿಂದ ಕಿತ್ತಳೆಗೆಂಪು ಹೂಗಳು ಹೊರಬರುತ್ತವೆ. ಐದು ದಳಗಳಲ್ಲಿ ದೋಣಿಯಾಕಾರದ ದಳಗಳೆರಡು ಕೂಡಿ ಗಿಳಿಯ ಕೊಕ್ಕಿನಂತೆ ಬಾಗಿರುತ್ತವೆ. ಇದು ಶುಕವೋ ಏನು ಎಂಬ ಸಂದೇಹಾರ್ಥದಲ್ಲಿ ಕಿಂಶುಕವೆಂಬ ಹೆಸರು ಬಂದಿತೆಂದು ಪರಂಪರೆಯ ವ್ಯುತ್ಪತ್ತಿ ಹೇಳುತ್ತದೆ.

ತುಮಕೂರು ಸೀಮೆಯಲ್ಲಿ ಈ ಹೂವಿನ ಕಾಲ ಶಿವರಾತ್ರಿಯ ಆಸುಪಾಸು. ಸಿದ್ಧಗಂಗೆಯ ಜಾತ್ರೆ ಮತ್ತು ದನಗಳ ಪರಿಷೆ ಸೇರುವುದೂ ಆಗಲೇ. ಶಿವನಿಗೆ ಮುತ್ತುಗದ ಹೂವನ್ನು ಏರಿಸುವ ವಾಡಿಕೆ ನಾಡಿನ ಹಲವೆಡೆ ಉಂಟು. ಕಾಮನ ಹುಣ್ಣಿಮೆಯ ಹೊತ್ತಿಗೆ ಹೂಗಳು ಉದುರತೊಡಗುತ್ತವೆ. ಅವುಗಳನ್ನು ನೀರಿನಲ್ಲಿ ಕುದಿಸಿದರೆ ಓಕುಳಿಗೆ ಹಳದಿ ಬೆರೆತ ಕಿತ್ತಳೆಯ ಬಣ್ಣ ಸಿದ್ಧವಾಗುತ್ತದೆ. ಅನಂತರ ಚಪ್ಪಟೆಯಾದ, ತಿಳಿಹಸಿರಿನ ಕಾಯಿಗಳು ಜೋತುಬೀಳುತ್ತವೆ. ಪ್ರತಿ ಕಾಯಿಯ ತುದಿಯಲ್ಲಿ ಒಂದೇ ಬೀಜ. ಉಳಿದ ಭಾಗವೆಲ್ಲ ಬೀಜವನ್ನು ಗಾಳಿಯಲ್ಲಿ ಹಾರಿಸಲು ಬೇಕಾದ ರೆಕ್ಕೆ. ಬೇಸಿಗೆ ಏರಿದಂತೆ ಮರ ಮತ್ತೆ ಚಿಗುರುತ್ತದೆ. ಹೀಗೆ ಬೇರೆ ಗಿಡಗಳು ಬಾಡುವ ಕಾಲದಲ್ಲಿ ಹೂವಿನಿಂದಲೂ ಚಿಗುರಿನಿಂದಲೂ ತುಂಬುವುದು ಈ ಮರದ ವಿಶೇಷ. ಕಲ್ಲುನೆಲ, ಚೌಳುನೆಲ, ನೀರು ನಿಲ್ಲುವ ನೆಲ ಎಲ್ಲಕ್ಕೂ ಅದು ಒಗ್ಗಿಕೊಳ್ಳುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

ಕವಿಯ ನೋಟವನ್ನು ಮೊದಲು ಪರಿಶೀಲಿಸಬಹುದು. ಸಂಸ್ಕೃತ ಕಾವ್ಯದ ವಸಂತವರ್ಣನೆಗಳಲ್ಲಿ ಪಲಾಶಕ್ಕೆ ಸ್ಥಿರವಾದ ಸ್ಥಾನವಿದೆ. ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಅಕಾಲ ವಸಂತವು ಹಿಮಾಲಯದ ತಪೋವನವನ್ನು ಪ್ರವೇಶಿಸಿದಾಗ, ಇನ್ನೂ ಅರಳದೆ ಬಾಲಚಂದ್ರನಂತೆ ಬಾಗಿದ ಕೆಂಪು ಪಲಾಶಗಳನ್ನು ಕಾಳಿದಾಸನು ವನಭೂಮಿಯ ಮೈಮೇಲೆ ವಸಂತನು ಮೂಡಿಸಿದ ನಖಕ್ಷತಗಳಿಗೆ ಹೋಲಿಸಿದ್ದಾನೆ. ಇಷ್ಟು ಚೆಲುವನ್ನು ಕಂಡ ಅದೇ ಪರಂಪರೆ ಈ ಹೂವಿನ ಮೇಲೆ ಒಂದು ಆಕ್ಷೇಪವನ್ನೂ ಹೊರಿಸಿತು. ರೂಪ, ಯೌವನ, ಕುಲಗಳೆಲ್ಲ ಇದ್ದರೂ ವಿದ್ಯೆಯಿಲ್ಲದವರು ಗಂಧವಿಲ್ಲದ ಕಿಂಶುಕದಂತೆ ಎಂಬ ನೀತಿವಾಕ್ಯ ಶತಮಾನಗಳಿಂದ ಪಾಠಶಾಲೆಗಳಲ್ಲಿ ಬಾಯಿಪಾಠವಾಗಿದೆ. ಹೊರಗೆ ಥಳುಕು, ಒಳಗೆ ಟೊಳ್ಳು ಎಂಬುದಕ್ಕೆ ಮುತ್ತುಗ ಉಪಮಾನವಾಯಿತು.

ಈ ಆಕ್ಷೇಪ ಮರದ ದೃಷ್ಟಿಯಿಂದ ನ್ಯಾಯವಾದುದಲ್ಲ. ಹೂವಿಗೆ ಗಂಧವಿರುವುದು ಮನುಷ್ಯನ ಮೂಗಿಗಾಗಿ ಅಲ್ಲ. ಇರುಳಿನಲ್ಲಿ ಪತಂಗಗಳನ್ನೂ ಹಗಲಿನಲ್ಲಿ ಜೇನು ಮೊದಲಾದ ಕೀಟಗಳನ್ನೂ ಕರೆಯಬೇಕಾದ ಹೂಗಳಿಗೆ ಗಂಧ ಬೇಕು. ಮುತ್ತುಗ ಮುಖ್ಯವಾಗಿ ಕರೆಯುವುದು ಹಕ್ಕಿಗಳನ್ನು. ಹಕ್ಕಿಗಳು ಹೂವನ್ನು ಹುಡುಕುವುದು ಕಣ್ಣಿನಿಂದ. ಅವುಗಳಿಗೆ ಬೇಕಾದದ್ದು ದೂರಕ್ಕೆ ಕಾಣುವ ಬಣ್ಣ, ಕುಳಿತು ಹೀರಲು ಗಟ್ಟಿಯಾದ ಹೂಗೊಂಚಲು, ಹೇರಳ ಮಕರಂದ. ಈ ಮೂರೂ ಮುತ್ತುಗದಲ್ಲಿವೆ. ಎಲೆಗಳೆಲ್ಲ ಉದುರಿದ ಮೇಲೆಯೇ ಹೂ ಬಿಡುವುದರಿಂದ ಹಸಿರಿನ ಮರೆಯೂ ಇರುವುದಿಲ್ಲ. ಸೂರಕ್ಕಿಗಳೂ ಅಳಿಲುಗಳೂ ಪರಾಗವನ್ನು ಸಾಗಿಸುವಲ್ಲಿ ಪ್ರಮುಖವೆಂದು ಸಸ್ಯವಿಜ್ಞಾನಿಗಳು ಗುರುತಿಸಿದ್ದಾರೆ. ಗೊರವಂಕ, ಪಿಕಳಾರ, ಗಿಳಿ, ಕಾಜಾಣಗಳೂ ಹೂವಿನ ಕಾಲದಲ್ಲಿ ಈ ಮರಕ್ಕೆ ತಪ್ಪದೆ ಬರುವ ಅತಿಥಿಗಳು. ದೇವರಾಯನದುರ್ಗದ ಇಳಿಜಾರುಗಳಲ್ಲಾಗಲಿ ಹುಲಿಯೂರುದುರ್ಗದ ಕುರುಚಲು ಕಾಡಿನಲ್ಲಾಗಲಿ ನೀರು ಬತ್ತಿದ ಮಾಘ, ಫಾಲ್ಗುಣಗಳಲ್ಲಿ ಇಷ್ಟು ಜೀವಿಗಳಿಗೆ ಸಿಹಿಯನ್ನು ಬಡಿಸುವ ಮರವನ್ನು ಗುಣಹೀನವೆಂದು ಕರೆದದ್ದು, ತನಗೆ ಒದಗದ ಗುಣವನ್ನು ಗುಣವೇ ಅಲ್ಲವೆನ್ನುವ ಮಾನವ ಸ್ವಭಾವಕ್ಕೆ ಸಾಕ್ಷಿ.

ಎರಡನೆಯದು ಅರಸರ ಮತ್ತು ಲಿಪಿಕಾರರ ನೋಟ. ಕನ್ನಡ ನಾಡಿನ ರಾಜಕೀಯ ಚರಿತ್ರೆ ಒಂದು ಹೂಮರದ ಹೆಸರಿನಿಂದಲೇ ಆರಂಭವಾಗುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಬನವಾಸಿಯ ಅರಸರು ತಮ್ಮ ಮನೆಯ ಬಳಿ ಬೆಳೆದ ಕದಂಬ ವೃಕ್ಷದಿಂದ ಕುಲನಾಮವನ್ನು ಪಡೆದರೆಂದು ತಾಳಗುಂದದ ಶಾಸನ ತಿಳಿಸುತ್ತದೆ. ಅದೇ ಕದಂಬರ ಇನ್ನೊಂದು ಮುಖ್ಯ ನೆಲೆಯಾದ ಪಲಾಶಿಕೆಯ ಹೆಸರಿನಲ್ಲಿ ಮುತ್ತುಗವಿರುವುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಇಂದಿನ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಲಸಿಯೇ ಆ ಪಲಾಶಿಕೆ. 5ನೆಯ ಶತಮಾನದಲ್ಲಿ ಕದಂಬ ಮೃಗೇಶವರ್ಮನು ತನ್ನ ತಂದೆ ಶಾಂತಿವರ್ಮನ ನೆನಪಿಗಾಗಿ ಪಲಾಶಿಕೆಯಲ್ಲಿ ಜಿನಾಲಯವೊಂದನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ ಮತ್ತು ಕೂರ್ಚಕ ಸಂಘಗಳಿಗಾಗಿ 33 ನಿವರ್ತನ ಭೂಮಿಯನ್ನು ದತ್ತಿಬಿಟ್ಟನು. ಮುಂದೆ ರವಿವರ್ಮನ ಕಾಲಕ್ಕೆ ಪಲಾಶಿಕೆ ರಾಜಧಾನಿಯ ಮಟ್ಟಕ್ಕೇರಿತು.

ಹಳಗನ್ನಡದ ಪಕಾರ ನಡುಗನ್ನಡಕ್ಕೆ ಬರುವಾಗ ಹಕಾರವಾಯಿತು. ಪಾಲು ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ ಪಲಸಿಗೆ ಹಲಸಿಗೆಯಾಯಿತು, ಕೊನೆಗೆ ಹಲಸಿಯಾಗಿ ನಿಂತಿತು. ಇದೇ ಮಾರ್ಗದಲ್ಲಿ ಹಳಗನ್ನಡದ ಪಲಸು ಹಲಸಾಯಿತು. ಎರಡು ಬೇರೆ ಮರಗಳ ಹೆಸರುಗಳು ಧ್ವನಿವ್ಯತ್ಯಾಸದ ಕೊನೆಗೆ ಒಂದರ ಪಕ್ಕ ಒಂದು ಬಂದು ನಿಂತವು. ಇಂದು ಹಲಸಿ ಎಂದರೆ ಕೇಳುವವರ ಮನಸ್ಸಿಗೆ ಬರುವುದು ಹಲಸಿನ ಹಣ್ಣು. ಊರಿನ ಮೂಲ ದೇಶ್ಯನಾಮ ಯಾವುದಿತ್ತು, ಸಂಸ್ಕೃತದಲ್ಲಿ ಬರೆದ ಲಿಪಿಕಾರ ಅದನ್ನು ಪಲಾಶವೆಂದು ಭಾವಿಸಿ ರೂಪಿಸಿದನೇ ಎಂದು ಭಾಷಾಶಾಸ್ತ್ರಜ್ಞರು ಚರ್ಚಿಸಲು ಅವಕಾಶವಿದೆ. ಆದರೆ ಕದಂಬರ ಶಾಸನಕಾರರ ಮನಸ್ಸಿನಲ್ಲಿ ಆ ಊರು ಪಲಾಶದ ಊರಾಗಿತ್ತು ಎಂಬುದನ್ನು ತಾಮ್ರಪಟಗಳು ಸ್ಪಷ್ಟವಾಗಿಯೇ ಹೇಳುತ್ತವೆ.

ಪಲಾಶಿಕೆಯಲ್ಲಿ ಹೆಸರಿಸಲಾದ ಯಾಪನೀಯ ಸಂಘದ ಜಾಡನ್ನು ಹಿಡಿದು ಬಂದರೆ ಗುಬ್ಬಿ ತಾಲ್ಲೂಕಿಗೇ ತಲುಪಬಹುದು. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ, ರಾಷ್ಟ್ರಕೂಟ ಮೂರನೆಯ ಗೋವಿಂದನ ತಾಮ್ರಶಾಸನ ಜೈನ ಚರಿತ್ರೆಯ ಅಭ್ಯಾಸಿಗಳಿಗೆ ಪರಿಚಿತವಾದುದು. ಶಕವರ್ಷ 735ರ, ಅಂದರೆ ಕ್ರಿ.ಶ. 812–13ರ ಆ ಶಾಸನದ ಪ್ರಕಾರ, ಕುನುಂಗಿಲ್ ದೇಶವನ್ನು ಆಳುತ್ತಿದ್ದ ಚಾಲುಕ್ಯ ವಂಶದ ವಿಮಲಾದಿತ್ಯನಿಗೆ ಶನಿಪೀಡೆ ತಗುಲಿತ್ತು. ಅರ್ಕಕೀರ್ತಿ ಮುನಿ ಅದನ್ನು ನಿವಾರಿಸಿದನು. ಗಂಗಮಂಡಲದ ಅಧಿಪತಿಯಾಗಿದ್ದ ಚಾಕಿರಾಜನ ಬಿನ್ನಹದಂತೆ ಗೋವಿಂದನು ಜಾಲಮಂಗಲವೆಂಬ ಗ್ರಾಮವನ್ನು ಶಿಲಾಗ್ರಾಮದ ಜಿನೇಂದ್ರಭವನಕ್ಕಾಗಿ ಆ ಮುನಿಗೆ ದಾನವಿತ್ತನು. ಕುನುಂಗಿಲ್ ಎಂಬುದು ಇಂದಿನ ಕುಣಿಗಲ್ ಎಂಬುದನ್ನು ವಿದ್ವಾಂಸರು ಒಪ್ಪಿದ್ದಾರೆ. ಅರ್ಕಕೀರ್ತಿಯ ಗುರುಪರಂಪರೆಯನ್ನು ಶಾಸನ ಹೇಳುವ ಬಗೆ ಇಲ್ಲಿ ವಿಶೇಷವಾಗಿ ಗಮನಾರ್ಹ. ಅವನು ಯಾಪನೀಯ ನಂದಿಸಂಘದ ಪುನ್ನಾಗವೃಕ್ಷಮೂಲಗಣಕ್ಕೆ ಸೇರಿದವನು. ಪುನ್ನಾಗವೆಂದರೆ ಸುರಹೊನ್ನೆಯ ಜಾತಿಯ ಹೂಮರ. ಆ ಮರದ ಬುಡವೇ ಒಂದು ಮುನಿಗಣಕ್ಕೆ ಹೆಸರಾಯಿತು.

ಮರದ ಬುಡ ಒಂದು ಗಣದ ಹೆಸರಾದದ್ದು ಆಕಸ್ಮಿಕವಲ್ಲ. ಜೈನ ಪುರಾಣಪರಂಪರೆಯಲ್ಲಿ ಪ್ರತಿಯೊಬ್ಬ ತೀರ್ಥಂಕರನಿಗೂ ಒಂದೊಂದು ವೃಕ್ಷದ ಸಂಬಂಧವಿದೆ. ಆದಿನಾಥನಿಗೆ ನ್ಯಗ್ರೋಧ, ಮಹಾವೀರನಿಗೆ ಶಾಲ. ತಿಲೋಯಪಣ್ಣತ್ತಿ ಕೊಡುವ ಇಂತಹ ವೃಕ್ಷಗಳ ಪಟ್ಟಿಯಲ್ಲಿ ಪಲಾಶದ ಹೆಸರೂ ಇದೆ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತಿನಾಥ ಬಸದಿಯಿದೆ; ತುಮಕೂರು ನಗರಕ್ಕೆ ಸಮೀಪದ ಮಂದರಗಿರಿಯಲ್ಲಿ ಬೆಟ್ಟದ ಮೇಲಣ ಬಸದಿಗಳಿವೆ. ಈ ಪ್ರದೇಶದಲ್ಲಿ ಸಂಚರಿಸುತ್ತಿದ್ದ ಮುನಿಗಳು ಮಳೆಗಾಲದ ನಾಲ್ಕು ತಿಂಗಳನ್ನುಳಿದು ವರ್ಷವಿಡೀ ಕಾಲ್ನಡೆಯಲ್ಲಿರುತ್ತಿದ್ದರು. ಅಂತಹವರಿಗೆ ಯಾವ ಮರ ಯಾವ ಕಾಲದಲ್ಲಿ ನೆರಳಾಗುತ್ತದೆ, ಯಾವುದು ಬೋಳಾಗುತ್ತದೆ ಎಂಬುದು ದಿನನಿತ್ಯದ ಅರಿವಾಗಿತ್ತು.

ಹೆಸರುಗಳ ಈ ಜಾಲಕ್ಕೆ ನದಿಯೊಂದು ನೂಲಾಗಿದೆ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರಿ ಮುಂದೆ ಕಾವೇರಿಯೆಡೆಗೆ ಹರಿಯುತ್ತದೆ. ಅದಕ್ಕೆ ಕದಂಬ ನದಿಯೆಂಬ ಹೆಸರೂ ಇದೆ. ತುಮಕೂರು, ಗುಬ್ಬಿ, ಕುಣಿಗಲ್ ಮೂರನ್ನೂ ಬೆಸೆಯುವ ಈ ನದಿಯ ಹೆಸರಿನಲ್ಲಿ ಕದಂಬವಿದೆ, ಅದರ ತೀರದ ಶಾಸನದಲ್ಲಿ ಪುನ್ನಾಗವಿದೆ. ದಡದಿಂದ ಮೇಲೇರಿ ಒಣದಿಣ್ಣೆಗೆ ಬಂದರೆ ಮುತ್ತುಗವಿದೆ. ಮೊದಲೆರಡು ಗ್ರಂಥಸ್ಥವಾದವು. ಮೂರನೆಯದು ಹಳೆಯ ಮೈಸೂರು ಸೀಮೆಯಲ್ಲಿ ಮುತ್ತುಗದಹಳ್ಳಿಯಂತಹ ಊರುಹೆಸರುಗಳಲ್ಲಿ, ಯಾವ ತಾಮ್ರಪಟದ ಹಂಗೂ ಇಲ್ಲದೆ, ಜನರ ಬಾಯಲ್ಲಿ ಉಳಿದುಕೊಂಡಿತು.

ಮೂರನೆಯದು ವ್ಯಾಪಾರಿಯ ನೋಟ. ಮುತ್ತುಗದ ಕೊಂಬೆಗಳ ಮೇಲೆ ಅರಗಿನ ಹುಳುಗಳು ನೆಲೆಗೊಳ್ಳುತ್ತವೆ. ಅವು ಸ್ರವಿಸುವ ಅಂಟೇ ಅರಗು. ಉತ್ತರ ಮತ್ತು ಪೂರ್ವ ಭಾರತದ ಅರಗಿನ ಕೃಷಿ ಬಹುಮಟ್ಟಿಗೆ ಪಲಾಶ, ಬೋರೆ ಮತ್ತು ಕುಸುಮ ಮರಗಳನ್ನು ಅವಲಂಬಿಸಿದೆ. ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾದದ್ದು ಜಾಲಾರಿ ಮರ. ಮುತ್ತುಗದ ತೊಗಟೆ ಗಾಯಗೊಂಡರೆ ಮಾಣಿಕ್ಯದ ಬಣ್ಣದ ಅಂಟು ಒಸರುತ್ತದೆ. ಬೀಜ ಹೊಟ್ಟೆಯ ಜಂತುಹುಳುಗಳಿಗೆ ಔಷಧ. ಬೇರಿನ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಮರ ಮೃದುವಾದರೂ ನೀರಿನೊಳಗೆ ಬೇಗನೆ ಕೊಳೆಯದ ಕಾರಣ ಬಾವಿಯ ಕಟ್ಟಣೆಗೆ ಒದಗುತ್ತಿತ್ತು. ಅರಗಿನ ವಿಷಯದಲ್ಲಿ ಜೈನ ಶ್ರಾವಕಾಚಾರ ಎಚ್ಚರಿಕೆಯ ಮಾತೊಂದನ್ನು ಹೇಳಿದೆ. ಗೃಹಸ್ಥನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯ, ಅಂದರೆ ಅರಗಿನ ವ್ಯಾಪಾರವೂ ಒಂದು. ಅರಗನ್ನು ಕೆರೆದು ತೆಗೆಯುವಾಗ ಅಸಂಖ್ಯ ಜೀವಿಗಳು ಸಾಯುತ್ತವೆಂಬುದೇ ಅದಕ್ಕೆ ಕಾರಣ. ಕಾಡನ್ನು ಕಡಿದು ಬದುಕುವ ವನಕರ್ಮವೂ ಅದೇ ಪಟ್ಟಿಯಲ್ಲಿದೆ. ಒಂದು ಮರದಿಂದ ಏನನ್ನು ಪಡೆಯಬಹುದು ಎಂಬ ಪ್ರಶ್ನೆಯ ಜೊತೆಗೆ ಹೇಗೆ ಪಡೆಯಬೇಕು ಎಂಬ ಪ್ರಶ್ನೆಯನ್ನೂ ಈ ನೆಲದ ಧರ್ಮಚಿಂತನೆ ಹಿಂದೆಯೇ ಎತ್ತಿತ್ತು.

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಮುತ್ತುಗಕ್ಕೆ ಹೊಸ ಹೆಸರೊಂದು ಬಂದಿತು. ವಿಲಿಯಂ ರಾಕ್ಸ್‌ಬರ್ಗ್ ಮೊದಲಾದ ಸಸ್ಯವಿಜ್ಞಾನಿಗಳ ಬರವಣಿಗೆಯಲ್ಲಿ ಅದು ಬ್ಯೂಟಿಯಾ ಆಯಿತು. ಸಸ್ಯವಿಜ್ಞಾನದ ಪೋಷಕನೂ 1762–63ರಲ್ಲಿ ಬ್ರಿಟನ್ನಿನ ಪ್ರಧಾನಿಯೂ ಆಗಿದ್ದ ಬ್ಯೂಟ್‌ನ ಅರ್ಲ್ ಜಾನ್ ಸ್ಟುವರ್ಟ್‌ನ ಗೌರವಾರ್ಥ ಇಟ್ಟ ಹೆಸರಿದು. ಇಂದಿನ ಶಾಸ್ತ್ರೀಯ ನಾಮ ಬ್ಯೂಟಿಯಾ ಮಾನೋಸ್ಪರ್ಮ. ಎರಡನೆಯ ಪದದ ಅರ್ಥ ಒಂಟಿಬೀಜದ್ದು ಎಂದು. ಬ್ಯೂಟ್ ಪ್ರಧಾನಿಯಾಗುವುದಕ್ಕೆ ಐದು ವರ್ಷ ಮೊದಲು, 1757ರ ಜೂನ್ 23ರಂದು ಬಂಗಾಳದ ಪ್ಲಾಸಿಯಲ್ಲಿ ಕ್ಲೈವ್‌ನ ಸೈನ್ಯ ಸಿರಾಜುದ್ದೌಲನನ್ನು ಸೋಲಿಸಿತ್ತು. ಪ್ಲಾಸಿಯ ನಿಜವಾದ ಹೆಸರು ಪಲಾಶಿ. ಪಲಾಶದ ಮರಗಳಿಂದ ಆ ಊರಿಗೆ ಬಂದ ಹೆಸರು. ಗೆದ್ದವರು ಊರಿನ ಹೆಸರನ್ನು ತಮ್ಮ ನಾಲಗೆಗೆ ತಕ್ಕಂತೆ ತಿರುಚಿದರು. ಅವರ ನಾಡಿನ ವಿದ್ವಾಂಸರು ಮರಕ್ಕೆ ತಮ್ಮ ದೊರೆಯ ಹೆಸರನ್ನಿಟ್ಟರು. ಪಲಾಶಿಕೆ ಹಲಸಿಯಾದದ್ದು ಭಾಷೆಯ ಸಹಜ ಗತಿಯಿಂದ. ಪಲಾಶಿ ಪ್ಲಾಸಿಯಾದದ್ದು ಅಧಿಕಾರದ ಬಲದಿಂದ. ಒಂದೇ ಮರದ ಹೆಸರಿನಲ್ಲಿ ಚರಿತ್ರೆಯ ಈ ಎರಡೂ ಚಲನೆಗಳು ದಾಖಲಾಗಿವೆ.

ನಾಲ್ಕನೆಯದು ಎಲೆಯ ನೋಟ. ಕಾವ್ಯವಾಗಲಿ ಶಾಸನವಾಗಲಿ ಹೆಚ್ಚು ಗಮನಿಸದ, ಆದರೆ ಈ ಸೀಮೆಯ ಜನಜೀವನದಲ್ಲಿ ಎಲ್ಲಕ್ಕಿಂತ ಆಳವಾಗಿ ಬೇರೂರಿದ ನೋಟವಿದು. ಸಂಸ್ಕೃತದಲ್ಲಿ ಪಲಾಶವೆಂದರೆ ಎಲೆಯೆಂದೂ ಅರ್ಥ. ವೇದಗಳ ಕಾಲದಲ್ಲಿ ಈ ಮರಕ್ಕಿದ್ದ ಹೆಸರೂ ಪರ್ಣವೇ. ಉಪನಯನದಲ್ಲಿ ವಟುವಿನ ಕೈಗೆ ಪಲಾಶದಂಡ, ಹೋಮದಲ್ಲಿ ಚಂದ್ರನಿಗೆ ಪಲಾಶದ ಸಮಿತ್ತು. ವೈದಿಕ ಕರ್ಮದಲ್ಲಿ ಇಷ್ಟು ಎತ್ತರದ ಸ್ಥಾನ ಪಡೆದ ಮರ, ಹಳ್ಳಿಯ ಬಡವರ ಹಿತ್ತಿಲಲ್ಲಿ ಊಟದೆಲೆಯಾಯಿತು. ಬಾಳೆಯೆಲೆಗೆ ತೋಟ ಬೇಕು, ನೀರು ಬೇಕು. ಮುತ್ತುಗಕ್ಕೆ ಅವೆರಡೂ ಬೇಡ. ತೋಟವಿದ್ದವರ ಮದುವೆಗೆ ಬಾಳೆಯೆಲೆ, ಇಲ್ಲದವರ ಮದುವೆಗೆ ಮುತ್ತುಗದೆಲೆ ಎಂಬ ಭೇದ ಬಯಲುಸೀಮೆಯ ಅಂಚಿನ ಈ ಊರುಗಳಲ್ಲಿ ಬಹುಕಾಲ ನಡೆದುಬಂದಿತು. ಜಾತ್ರೆಯ ದಾಸೋಹಗಳಲ್ಲಿ, ಹೋಟೆಲುಗಳಲ್ಲಿ, ತಿಥಿಯ ಊಟಗಳಲ್ಲಿ ಮಾತ್ರ ಎಲ್ಲರಿಗೂ ಅದೇ ಎಲೆ.

ಎಲೆ ಹಚ್ಚುವುದು ನೋಡುವುದಕ್ಕೆ ಸುಲಭ, ಮಾಡುವುದಕ್ಕೆ ಅಲ್ಲ. ಬೇಸಿಗೆಯ ಚಿಗುರು ಬಲಿತ ಮೇಲೆ ಹುಳುಕಿಲ್ಲದ ಎಲೆಗಳನ್ನು ಆರಿಸಿ ಕೊಯ್ಯಬೇಕು. ಎಳೆಯದಾದರೆ ಒಣಗಿದಾಗ ಮುದುಡುತ್ತದೆ, ಮುದಿಯಾದರೆ ಮುರಿಯುತ್ತದೆ. ಕೊಯ್ದ ಎಲೆಗಳನ್ನು ಒಣಗಿಸಿ, ಸುರುಳಿಕೊಳ್ಳದಂತೆ ಮೇಲೆ ಭಾರ ಹೇರಿ, ಕಟ್ಟು ಕಟ್ಟಿ ಇಡಬೇಕು. ಹಚ್ಚುವ ಹೊತ್ತಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳಬೇಕು. ನಡುವೆ ದೊಡ್ಡದೊಂದು ಎಲೆಯನ್ನಿಟ್ಟು ಅದರ ಸುತ್ತ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಜೋಡಿಸಿ, ಸಣ್ಣ ಕಡ್ಡಿಗಳನ್ನು ಚುಚ್ಚಿ ಮುರಿಯುತ್ತ ವೃತ್ತವನ್ನು ಪೂರ್ಣಗೊಳಿಸಬೇಕು. ಸಾರು ಸೋರಬಾರದು, ಕಡ್ಡಿ ಕೈಗೆ ತಾಗಬಾರದು. ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ, ಅಡುಗೆ ಮುಗಿದ ಮಧ್ಯಾಹ್ನಗಳಲ್ಲಿ, ದೀಪದ ಬೆಳಕಿನ ಇರುಳುಗಳಲ್ಲಿ ಹೆಂಗಸರೂ ಮುದುಕರೂ ಮಕ್ಕಳೂ ಮಾಡುತ್ತಿದ್ದ ಕೆಲಸವಿದು. ಕಟ್ಟುಗಳನ್ನು ಸಂತೆಗೆ ಹೊತ್ತೊಯ್ದರೆ ಉಪ್ಪು, ಎಣ್ಣೆ, ಮಕ್ಕಳ ಪುಸ್ತಕಕ್ಕೆ ಬೇಕಾದ ಚಿಲ್ಲರೆ ಕಾಸು ಕೈಗೆ ಬರುತ್ತಿತ್ತು. ಭೂಮಿಯಿಲ್ಲದ ಮನೆಗೆ ಊರಿನ ಗೋಮಾಳದ ಮೇಲೆ ಇದ್ದ ಒಂದು ಬಗೆಯ ಹಕ್ಕು ಈ ಎಲೆಯ ರೂಪದಲ್ಲಿತ್ತು. ಅದನ್ನು ಯಾವ ಪಹಣಿಯೂ ನಮೂದಿಸಲಿಲ್ಲ.

ಇಲ್ಲಿ ಹೂವಿಗೂ ಎಲೆಗೂ ಒಂದು ತೊಡಕಿದೆ. ಎಲೆಗಾಗಿ ಮತ್ತೆ ಮತ್ತೆ ಕಡಿಸಿಕೊಂಡ ಮುತ್ತುಗ ಮರವಾಗದೆ ಆಳೆತ್ತರದ ಪೊದೆಯಾಗಿಯೇ ಉಳಿಯುತ್ತದೆ. ಹೂವಿನ ಸೊಬಗು ಬೇಕಾದರೆ ಮರವನ್ನು ಅದರ ಪಾಡಿಗೆ ಬಿಡಬೇಕು. ಹಳೆಯ ಹಳ್ಳಿಗಳು ಈ ತೊಡಕನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿದ್ದವು. ಹೊಲದ ಬದುವಿನ ಪೊದೆಗಳು ಎಲೆಗೆ, ಗು‍ಡಿಯ ಬಳಿಯ ಹಾಗೂ ಬೆಟ್ಟದ ತಪ್ಪಲಿನ ಮರಗಳು ಹೂವಿಗೆ. ಎರಡಕ್ಕೂ ಜಾಗವಿದ್ದುದರಿಂದ ಎರಡೂ ಉಳಿದವು.

ಆ ಜಾಗವೇ ಈಗ ಇಲ್ಲವಾಗುತ್ತಿದೆ. ಕೊಳವೆಬಾವಿಗಳು ಬಂದ ಮೇಲೆ ದಿಣ್ಣೆಯ ಹೊಲಗಳೂ ತೆಂಗು, ಅಡಿಕೆಯ ತೋಟಗಳಾದವು. ಬದುವಿನ ಪೊದೆಗಳು ಯಂತ್ರದ ಬಾಯಿಗೆ ಹೋದವು. ಗೋಮಾಳಗಳು ಹಂಚಿಹೋದವು, ಇಲ್ಲವೇ ನೀಲಗಿರಿಯ ತೋಪುಗಳಾದವು. ನೀಲಗಿರಿ ಅಂತರ್ಜಲವನ್ನು ಹೀರುವುದೆಂಬ ಕಾರಣಕ್ಕೆ ಕರ್ನಾಟಕ ಸರ್ಕಾರ 2017ರಲ್ಲಿ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಆದರೆ ಅದಕ್ಕಾಗಿ ತೆರವಾದ ಮುತ್ತುಗ ತಾನಾಗಿ ಮರಳಲಿಲ್ಲ. ಇನ್ನೊಂದೆಡೆ ಊಟದೆಲೆಯ ಸ್ಥಾನವನ್ನು ಪ್ಲಾಸ್ಟಿಕ್ ಲೇಪದ ಕಾಗದದ ತಟ್ಟೆ ಆಕ್ರಮಿಸಿತು. ಕರ್ನಾಟಕ 2016ರಲ್ಲಿ, ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದವು. ಕಾನೂನು ಎಲೆಯ ಪರವಾಗಿ ತಿರುಗಿದಾಗ ಎಲೆ ಹಚ್ಚುವ ಕೈಗಳು ವಿರಳವಾಗಿದ್ದವು. ಕಲಿತ ಹಿರಿಯರು ಒಬ್ಬೊಬ್ಬರಾಗಿ ಇಲ್ಲವಾದರು. ಕಿರಿಯರು ಬೆಂಗಳೂರಿನ ದಾರಿ ಹಿಡಿದರು, ಇಲ್ಲವೇ ಕಾರ್ಖಾನೆಗಳ ಬಾಗಿಲಿಗೆ ಹೋದರು.

ತುಮಕೂರು ನಗರ 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಅಗಲವಾಗುತ್ತಿರುವ ರಸ್ತೆಗಳ ಪಕ್ಕದಲ್ಲಿ ಯಾವ ಮರಗಳಿರಬೇಕೆಂಬ ಪ್ರಶ್ನೆ ಇಂದು ಇಂತಹ ಎಲ್ಲ ನಗರಗಳ ಮುಂದೆಯೂ ಇದೆ. ಹೂಮರಗಳ ವಿಷಯದಲ್ಲಿ ಮೈಸೂರು ಸಂಸ್ಥಾನಕ್ಕೆ ಹಿರಿದಾದ ಪರಂಪರೆಯಿದೆ. 1908ರಲ್ಲಿ ಮೈಸೂರಿನ ಸೇವೆಗೆ ಬಂದ ಜರ್ಮನ್ ಉದ್ಯಾನತಜ್ಞ ಜಿ. ಎಚ್. ಕ್ರುಂಬಿಗಲ್ ಬೆಂಗಳೂರಿನಲ್ಲಿ ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಮರ ಅರಳುವಂತೆ ಬೀದಿಮರಗಳನ್ನು ಯೋಜಿಸಿದನು. ಇಂದು ನಗರಗಳಲ್ಲಿ ಕಣ್ಸೆಳೆಯುವ ಗುಲ್‌ಮೊಹರ್ ಮಡಗಾಸ್ಕರಿನದು. ಟಬೂಬಿಯ, ಜಕರಂಡಗಳು ಅಮೆರಿಕ ಖಂಡದವು. ಪರದೇಶದಿಂದ ಬಂದವೆಂಬ ಕಾರಣಕ್ಕೆ ಅವುಗಳನ್ನು ದೂರಬೇಕಾಗಿಲ್ಲ. ಆದರೆ ಹೂವಿನ ವರ್ಷಚಕ್ರವನ್ನು ಯೋಜಿಸುವವರು ಶಿವರಾತ್ರಿಯಿಂದ ಕಾಮನ ಹುಣ್ಣಿಮೆಯವರೆಗಿನ ಅವಧಿಗೆ ಈ ನೆಲದಲ್ಲೇ ಸಿದ್ಧವಾಗಿರುವ ಮರವನ್ನು ಮರೆಯುವುದು ವಿಪರ್ಯಾಸ. ಮುತ್ತುಗದ ಬೆಳವಣಿಗೆ ನಿಧಾನ, ಕಾಂಡ ಸೊಟ್ಟ, ಕೆಲಕಾಲ ನೆರಳಿಲ್ಲ ಎಂಬ ಆಕ್ಷೇಪಗಳು ಸುಳ್ಳಲ್ಲ. ಇಕ್ಕಟ್ಟಾದ ಬೀದಿಗೆ ಅದು ಹೊಂದಲಾರದು. ಕೆರೆಯ ಅಂಗಳದ ಅಂಚು, ಶಾಲೆ ಕಾಲೇಜುಗಳ ಆವರಣ, ಹೆದ್ದಾರಿಯ ಬದಿಯ ಬರಡುನೆಲ, ಬಸದಿ ಬೆಟ್ಟಗಳ ತಪ್ಪಲು ಇವೆಲ್ಲ ಅದಕ್ಕೆ ತಕ್ಕ ತಾಣಗಳು. ಬೀಜ ಹೊಸದಾಗಿದ್ದರೆ ಸುಲಭವಾಗಿ ಮೊಳೆಯುತ್ತದೆ. ಮೊದಲ ವರ್ಷಗಳಲ್ಲಿ ಸ್ವಲ್ಪ ಕಾವಲು ದೊರೆತರೆ ಮುಂದೆ ಯಾರ ಆರೈಕೆಯನ್ನೂ ಬೇಡುವುದಿಲ್ಲ.

ಫೆಬ್ರವರಿ ಬಂತೆಂದರೆ ದೇವರಾಯನದುರ್ಗದ ದಾರಿಯ ಮುತ್ತುಗದ ಹೂಗಳನ್ನು ಕ್ಯಾಮರಾಗಳು ಹಿಡಿಯುತ್ತವೆ, ಚಿತ್ರಗಳು ಊರೂರಿಗೆ ಹರಡುತ್ತವೆ. ಅದು ಸಂತೋಷದ ಸಂಗತಿಯೇ. ಆದರೆ ಅದು ಜಾತಕದ ಮೂರನೆಯ ರಾಜಕುಮಾರನ ನೋಟವಷ್ಟೇ. ಹೂವನ್ನು ಮೆಚ್ಚುವ ಸಮಾಜ ಎಲೆಯನ್ನು ಮರೆತರೆ, ಆ ಎಲೆಯ ಮೇಲೆ ಬದುಕಿದವರ ಶ್ರಮದ ಚರಿತ್ರೆಯೂ ಮರೆಯಾಗುತ್ತದೆ. ಕಡಬದ ತಾಮ್ರಶಾಸನವನ್ನು ಓದಿ ಅರ್ಥೈಸಲು ವಿದ್ವಾಂಸರಿದ್ದಾರೆ. ಮುತ್ತುಗದ ಎಲೆಗೆ ಕಡ್ಡಿ ಚುಚ್ಚುವ ಬಗೆಯನ್ನು ಬಲ್ಲವರು ಗುಬ್ಬಿ, ಕುಣಿಗಲ್ಲುಗಳ ಹಳ್ಳಿಗಳಲ್ಲಿ ಇನ್ನೂ ಕೆಲವರು ಉಳಿದಿದ್ದಾರೆ. ಅವರ ತಿಳಿವಳಿಕೆಯನ್ನು, ಅವರು ಬಳಸುವ ಮಾತುಗಳನ್ನು, ಯಾವ ದಿಣ್ಣೆಯ ಎಲೆ ಹಿರಿದು, ಯಾವ ತಿಂಗಳ ಎಲೆ ಗಟ್ಟಿ ಎಂಬ ವಿವರಗಳನ್ನು ಸಂಗ್ರಹಿಸುವ ಕೆಲಸವನ್ನು ಈ ಜಿಲ್ಲೆಯ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ಒಂದು ಬೇಸಿಗೆಯ ರಜೆಯಲ್ಲಿ ಮಾಡಿ ಮುಗಿಸಬಹುದು. ಶಾಸನಗಳು ಕಾಯುತ್ತವೆ, ಈ ಹಿರಿಯರ ಬಳಿ ಅಷ್ಟು ಕಾಲವಿಲ್ಲ.